ಆಂಡ್ರೂ ವಿಲ್ಸನ್ ಬೇರ್ಡ್

ಆಂಡ್ರೂ ವಿಲ್ಸನ್ ಬೇರ್ಡ್ (26 ಏಪ್ರಿಲ್ 1842 – 2 ಏಪ್ರಿಲ್ 1908) ಸ್ಕಾಟ್ಲೆಂಡ್ ಮೂಲದ ಸೇನಾ ಎಂಜಿನಿಯರ್, ಭೂಮಾಪಕ ಮತ್ತು ಉಬ್ಬರವಿಳಿತ ವಿಜ್ಞಾನಿ. ಭಾರತದ ಕರಾವಳಿ ಹಾಗೂ ಅಳಿವೆಗಳಲ್ಲಿ ಸಮುದ್ರದ ಮಟ್ಟವನ್ನು ಯಂತ್ರದ ಮೂಲಕ ನಿರಂತರವಾಗಿ ದಾಖಲಿಸಿ, ಆ ದಾಖಲೆಗಳನ್ನು ಗಣಿತದ ಕ್ರಮದಿಂದ ವಿಶ್ಲೇಷಿಸುವ ಪದ್ಧತಿಯನ್ನು ಇಲ್ಲಿ ನೆಲೆಗೊಳಿಸಿದವರು ಇವರು. ಏಡನ್‌ನಿಂದ ರಂಗೂನಿನವರೆಗೆ ಇವರು ಹರಡಿದ ಉಬ್ಬರಮಾಪಕ ಕೇಂದ್ರಗಳ ಜಾಲದಲ್ಲಿ ಕನ್ನಡ ಕರಾವಳಿಯ ಕಾರವಾರವೂ ಒಂದಾಗಿತ್ತು. ಭಾರತೀಯ ಬಂದರುಗಳ ಉಬ್ಬರವಿಳಿತ ಕೋಷ್ಟಕಗಳು, ದೇಶದ ಒಳನಾಡಿನ ಎತ್ತರಗಳನ್ನು ಅಳೆಯಲು ಆಧಾರವಾದ ಸರಾಸರಿ ಸಮುದ್ರ ಮಟ್ಟ ಮತ್ತು 1881 ಹಾಗೂ 1883ರ ಸುನಾಮಿಗಳ ಯಂತ್ರದಾಖಲೆಗಳು ಇವರ ಕಾರ್ಯದ ಮುಖ್ಯ ಫಲಗಳು. 1885ರಲ್ಲಿ ಇವರು ಲಂಡನ್ನಿನ ರಾಯಲ್ ಸೊಸೈಟಿಯ ಸದಸ್ಯರಾಗಿ ಆಯ್ಕೆಯಾದರು.

ಆರಂಭಿಕ ಜೀವನ ಮತ್ತು ಶಿಕ್ಷಣ

ಬೇರ್ಡ್ ಅವರು ಸ್ಕಾಟ್ಲೆಂಡಿನ ಅಬರ್ಡೀನ್ ನಗರದಲ್ಲಿ ಜನಿಸಿದರು. ಅಲ್ಲಿಯ ಗ್ರಾಮರ್ ಶಾಲೆ ಮತ್ತು ಮಾರಿಷಲ್ ಕಾಲೇಜಿನಲ್ಲಿ ವ್ಯಾಸಂಗ ಮಾಡಿದ ಬಳಿಕ 1860ರಲ್ಲಿ ಅಡಿಸ್ಕೂಂಬ್‌ನಲ್ಲಿದ್ದ ಈಸ್ಟ್ ಇಂಡಿಯಾ ಕಂಪನಿಯ ಸೈನಿಕ ಕಾಲೇಜನ್ನು ಸೇರಿದರು. 1857ರ ದಂಗೆಯ ತರುವಾಯ ಕಂಪನಿಯ ಆಡಳಿತವು ಕೊನೆಗೊಂಡು, ಅದರ ಸೈನ್ಯವು ಬ್ರಿಟಿಷ್ ಸೈನ್ಯದಲ್ಲಿ ವಿಲೀನವಾಗುತ್ತಿದ್ದ ಕಾಲವದು. ಆದ್ದರಿಂದ ಬೇರ್ಡ್ ಅವರ ಶಿಕ್ಷಣವು ವೂಲಿಚ್‌ನ ರಾಯಲ್ ಮಿಲಿಟರಿ ಅಕಾಡೆಮಿಯಲ್ಲಿ ಮುಂದುವರಿಯಿತು. 1861ರ ಡಿಸೆಂಬರಿನಲ್ಲಿ ಇವರು ರಾಯಲ್ ಎಂಜಿನಿಯರ್ಸ್ ದಳದಲ್ಲಿ ಲೆಫ್ಟಿನೆಂಟ್ ಆಗಿ ನೇಮಕಗೊಂಡರು.

1864ರಲ್ಲಿ ಭಾರತಕ್ಕೆ ಬಂದ ಬೇರ್ಡ್ ಅವರಿಗೆ ಮೊದಲು ದೊರೆತ ಕೆಲಸ ಮುಂಬಯಿ ಬಂದರಿನ ರಕ್ಷಣಾ ಕಾಮಗಾರಿಯದು. ಅನಂತರ ಮುಂಬಯಿಯ ಕಡಲಂಚಿನಲ್ಲಿ ಸಮುದ್ರವನ್ನು ತುಂಬಿಸಿ ನೆಲ ಮಾಡುವ ಸರಕಾರಿ ಕಾಮಗಾರಿಯಲ್ಲಿ ತೊಡಗಿದರು. ಉಬ್ಬರದ ನೀರು ಎಷ್ಟು ಎತ್ತರಕ್ಕೆ ಏರುತ್ತದೆ, ಇಳಿತದಲ್ಲಿ ಎಲ್ಲಿಯವರೆಗೆ ಹಿಂದೆ ಸರಿಯುತ್ತದೆ ಎಂಬುದರ ಮೇಲೆಯೇ ಇಂತಹ ಕಾಮಗಾರಿಯ ಯಶಸ್ಸು ನಿಂತಿರುತ್ತದೆ. 1868ರಲ್ಲಿ ಸರ್ ರಾಬರ್ಟ್ ನೇಪಿಯರ್ ಅವರ ನೇತೃತ್ವದ ಅಬಿಸೀನಿಯ ದಂಡಯಾತ್ರೆಯಲ್ಲಿ ಸಹಾಯಕ ಎಂಜಿನಿಯರ್ ಆಗಿ ಸೇವೆ ಸಲ್ಲಿಸಿದರು.

ಸರ್ವೇಕ್ಷಣಾ ಇಲಾಖೆಗೆ ಪ್ರವೇಶ

1869ರ ಡಿಸೆಂಬರಿನಲ್ಲಿ ಬೇರ್ಡ್ ಅವರು ಭಾರತದ ಮಹಾ ತ್ರಿಕೋನಮಿತೀಯ ಸರ್ವೇಕ್ಷಣೆಗೆ ಸೇರಿದರು. ವಿಲಿಯಂ ಲ್ಯಾಂಬ್ಟನ್ ಅವರಿಂದ ಆರಂಭವಾಗಿ, ಜಾರ್ಜ್ ಎವರೆಸ್ಟ್ ಮತ್ತು ಆಂಡ್ರೂ ವಾ ಅವರ ಕಾಲದಲ್ಲಿ ಹಿಮಾಲಯದವರೆಗೆ ವಿಸ್ತರಿಸಿದ್ದ ಈ ಸರ್ವೇಕ್ಷಣೆ ಆಗ ಜೇಮ್ಸ್ ಥಾಮಸ್ ವಾಕರ್ ಅವರ ಮುಖ್ಯಸ್ಥಿಕೆಯಲ್ಲಿತ್ತು. ಬೇರ್ಡ್ ಅವರನ್ನು ಕಾಠಿಯಾವಾಡ ಮತ್ತು ಗುಜರಾತ್ ಭಾಗದ ತ್ರಿಕೋನ ಮಾಪನಕ್ಕೆ ನಿಯೋಜಿಸಲಾಯಿತು. ಆ ಪ್ರದೇಶದ ಹವೆಯಲ್ಲಿ ಆರೋಗ್ಯ ಕೆಟ್ಟು, ಇವರು ರಜೆಯ ಮೇಲೆ ಸ್ವದೇಶಕ್ಕೆ ಮರಳಬೇಕಾಯಿತು. ಈ ರಜೆಯೇ ಇವರ ಜೀವನದ ದಿಕ್ಕನ್ನು ಬದಲಿಸಿತು.

ಭೂಮಾಪನದಲ್ಲಿ ಯಾವುದೇ ಸ್ಥಳದ ಎತ್ತರವನ್ನು ಹೇಳಬೇಕಾದರೆ ಒಂದು ಶೂನ್ಯ ಮಟ್ಟ ಬೇಕು. ಆ ಶೂನ್ಯವೇ ಸರಾಸರಿ ಸಮುದ್ರ ಮಟ್ಟ. ಸಮುದ್ರವಾದರೋ ಒಂದು ಕ್ಷಣವೂ ಒಂದೇ ಮಟ್ಟದಲ್ಲಿ ನಿಲ್ಲುವುದಿಲ್ಲ. ಅಲೆ, ಗಾಳಿ, ಮಳೆಗಾಲ, ಸೂರ್ಯಚಂದ್ರರ ಆಕರ್ಷಣೆ ಇವೆಲ್ಲ ಅದನ್ನು ಏರಿಳಿಸುತ್ತಲೇ ಇರುತ್ತವೆ. ಕೆಲವು ದಿನ ಅಥವಾ ಕೆಲವು ವಾರಗಳ ಅಳತೆಯಿಂದ ದೊರೆಯುವ ಸರಾಸರಿಯು ನಂಬಲರ್ಹವಲ್ಲ. ವಾಕರ್ ಅವರಿಗೆ ಇನ್ನೊಂದು ಪ್ರಶ್ನೆಯೂ ಇತ್ತು. 1819ರ ಜೂನ್ 16ರಂದು ಕಚ್‌ನಲ್ಲಿ ಸಂಭವಿಸಿದ ಭೂಕಂಪದಲ್ಲಿ ನೆಲದ ಒಂದು ಭಾಗವು ಮೇಲೆದ್ದು ಅಲ್ಲಾ ಬಂದ್ ಎಂಬ ದಿಬ್ಬವು ಉಂಟಾಗಿತ್ತು, ಅದರ ದಕ್ಷಿಣದ ಪ್ರದೇಶವು ಕುಸಿದು ನೀರಿನಲ್ಲಿ ಮುಳುಗಿತ್ತು. ಕಚ್ ಕೊಲ್ಲಿಯ ನೆಲವು ಸಮುದ್ರಕ್ಕೆ ಹೋಲಿಸಿದರೆ ಈಗಲೂ ನಿಧಾನವಾಗಿ ಏರುತ್ತಿದೆಯೋ ಇಳಿಯುತ್ತಿದೆಯೋ ಎಂಬುದನ್ನು ತಿಳಿಯಬೇಕಾದರೆ ಸಮುದ್ರ ಮಟ್ಟವನ್ನು ಅತಿ ನಿಖರವಾಗಿ ಅಳೆದು, ಹಲವು ವರ್ಷಗಳ ಬಳಿಕ ಮತ್ತೆ ಅಳೆದು ಹೋಲಿಸಬೇಕಿತ್ತು.

ಇದೇ ಕಾಲದಲ್ಲಿ ಬ್ರಿಟನ್ನಿನಲ್ಲಿ ಸರ್ ವಿಲಿಯಂ ಥಾಮ್ಸನ್, ಅಂದರೆ ಮುಂದೆ ಲಾರ್ಡ್ ಕೆಲ್ವಿನ್ ಎಂದು ಪ್ರಸಿದ್ಧರಾದ ಭೌತವಿಜ್ಞಾನಿ, ಬ್ರಿಟಿಷ್ ಅಸೋಸಿಯೇಶನ್ನಿನ ಸಮಿತಿಯೊಂದರ ಮೂಲಕ ಉಬ್ಬರವಿಳಿತದ ಹೊಸ ವಿಶ್ಲೇಷಣಾ ಕ್ರಮವನ್ನು ರೂಪಿಸುತ್ತಿದ್ದರು. ರಜೆಯಲ್ಲಿದ್ದ ಬೇರ್ಡ್ ಅವರನ್ನು ಈ ಕ್ರಮದ ಪ್ರಾಯೋಗಿಕ ವಿವರಗಳನ್ನು ಕಲಿಯಲು ಸರ್ವೇಕ್ಷಣಾ ಇಲಾಖೆಯು ನಿಯೋಜಿಸಿತು.

ಕಚ್ ಕೊಲ್ಲಿಯ ವೀಕ್ಷಣೆಗಳು

ಭಾರತಕ್ಕೆ ಮರಳಿದ ಬೇರ್ಡ್ ಅವರು ಕಚ್ ಕೊಲ್ಲಿಯ ದಡಗಳನ್ನು ಪರಿಶೀಲಿಸಿ ಮೂರು ಸ್ಥಳಗಳನ್ನು ಆರಿಸಿದರು. ಕೊಲ್ಲಿಯ ಬಾಯಿಯಲ್ಲಿರುವ ಓಖಾ, ಉತ್ತರದ ದಡದಲ್ಲಿ ನಡುಭಾಗದ ನವಿನಾರ್ ಮತ್ತು ಕೊಲ್ಲಿಯ ತುದಿಯಲ್ಲಿರುವ ಹನ್ಸ್‌ತಲ್ ಇವೇ ಆ ಸ್ಥಳಗಳು. ಇಲ್ಲಿ 1874–75ರಲ್ಲಿ ಸ್ವಯಂಚಾಲಿತ ಉಬ್ಬರಮಾಪಕಗಳು ಕಾರ್ಯ ನಿರ್ವಹಿಸಿದವು.

ಉಬ್ಬರಮಾಪಕದ ರಚನೆಯ ತತ್ತ್ವವು ಸರಳವಾದುದು. ನೀರಿನ ಮೇಲೆ ತೇಲುವ ಒಂದು ತೇಲುಗವನ್ನು ಪಟ್ಟಿಯ ಮೂಲಕ ಗಾಲಿಗೆ ಜೋಡಿಸಲಾಗುತ್ತದೆ. ತೇಲುಗವು ಏರಿಳಿದಂತೆ ಗಾಲಿಯು ತಿರುಗಿ, ಅದಕ್ಕೆ ಹೊಂದಿಸಿದ ಪೆನ್ಸಿಲ್ ಅತ್ತಿತ್ತ ಸರಿಯುತ್ತದೆ. ಗಡಿಯಾರದ ಯಂತ್ರದಿಂದ ತಿರುಗುವ ಉರುಳೆಯೊಂದರ ಮೇಲೆ ಸುತ್ತಿದ ಕಾಗದದಲ್ಲಿ ಆ ಪೆನ್ಸಿಲ್ ವಕ್ರರೇಖೆಯೊಂದನ್ನು ಬರೆಯುತ್ತದೆ. ಹಗಲುರಾತ್ರಿ ಎಡೆಬಿಡದೆ ನಡೆಯುವ ಈ ಬರವಣಿಗೆಯಿಂದ ಯಾವ ಗಂಟೆಯಲ್ಲಿ ಸಮುದ್ರವು ಯಾವ ಮಟ್ಟದಲ್ಲಿತ್ತು ಎಂಬುದನ್ನು ಓದಬಹುದು.

ತತ್ತ್ವ ಸರಳವಾದರೂ ಕಚ್ ಕೊಲ್ಲಿಯಲ್ಲಿ ಅದನ್ನು ಕಾರ್ಯಗತಗೊಳಿಸುವುದು ಕಠಿಣವಾಗಿತ್ತು. ಯಂತ್ರವನ್ನು ನಿಲ್ಲಿಸಲು ಬೇಕಾದ ಕಲ್ಲಿನ ಕಟ್ಟೆಯಾಗಲಿ ಬಂದರಿನ ಧಕ್ಕೆಯಾಗಲಿ ಅಲ್ಲಿರಲಿಲ್ಲ. ಕೆಸರು ಮತ್ತು ಮರಳಿನ ತೀರದಲ್ಲಿ ಇಳಿತದ ವೇಳೆ ನೀರು ಬಹುದೂರ ಹಿಂದೆ ಸರಿಯುತ್ತಿತ್ತು. ಬೇರ್ಡ್ ಅವರು ದಡದಲ್ಲಿ ಕಬ್ಬಿಣದ ಕೊಳವೆಯನ್ನು ನೆಲಕ್ಕಿಳಿಸಿ ಬಾವಿಯಂತೆ ಮಾಡಿ, ಅಲ್ಲಿಂದ ಆಳ ನೀರಿನವರೆಗೆ ಸಣ್ಣ ಕೊಳವೆಗಳನ್ನು ಎಳೆಸಿದರು. ಕೊಳವೆಯು ಕಿರಿದಾಗಿದ್ದುದರಿಂದ ಅಲೆಗಳ ಕ್ಷಣಿಕ ಏರಿಳಿತವು ಬಾವಿಯನ್ನು ತಲುಪುತ್ತಿರಲಿಲ್ಲ, ಉಬ್ಬರದ ನಿಧಾನವಾದ ಏರಿಳಿತ ಮಾತ್ರ ತಲುಪುತ್ತಿತ್ತು. ಕೊಳವೆಯ ಬಾಯಿಯಲ್ಲಿ ಹೂಳು ತುಂಬದಂತೆ ನೋಡಿಕೊಳ್ಳುವುದು ದೊಡ್ಡ ಕೆಲಸವಾಗಿತ್ತು. ಉಬ್ಬರದ ಜೊತೆಗೆ ವಾಯುಭಾರ ಮತ್ತು ಗಾಳಿಯ ವೇಗವನ್ನೂ ದಾಖಲಿಸಲಾಯಿತು, ಏಕೆಂದರೆ ಇವೆರಡೂ ಸಮುದ್ರದ ಮಟ್ಟವನ್ನು ಬದಲಿಸಬಲ್ಲವು. ಮೂರೂ ಕೇಂದ್ರಗಳನ್ನು ಮಟ್ಟ ಅಳತೆಯ ಮೂಲಕ ಒಂದಕ್ಕೊಂದು ಜೋಡಿಸಿ, ಮುಂದಿನ ಪೀಳಿಗೆಯವರು ಮತ್ತೆ ಬಂದು ಹೋಲಿಸಲು ಅನುಕೂಲವಾಗುವಂತೆ ಸ್ಥಿರ ಗುರುತುಗಳನ್ನು ನೆಡಲಾಯಿತು.

ಪುಣೆಯ ಉಬ್ಬರವಿಳಿತ ವಿಭಾಗ

ಕಚ್ ಕೊಲ್ಲಿಯ ಅನುಭವದ ಆಧಾರದ ಮೇಲೆ ಭಾರತದ ಎಲ್ಲ ಮುಖ್ಯ ಬಂದರುಗಳಲ್ಲಿಯೂ ಇಂತಹ ವೀಕ್ಷಣೆಗಳನ್ನು ನಡೆಸಲು ಸರಕಾರವು ತೀರ್ಮಾನಿಸಿತು. ಇಂಗ್ಲೆಂಡಿನಲ್ಲಿ ಕೆಲಕಾಲ ಇದ್ದು ದಾಖಲೆಗಳ ಗಣನೆಯಲ್ಲಿ ತೊಡಗಿದ್ದ ಬೇರ್ಡ್ ಅವರು 1877ರಲ್ಲಿ ಮರಳಿ ಬಂದು ಪುಣೆಯನ್ನು ಕೇಂದ್ರವಾಗಿಟ್ಟುಕೊಂಡು ಉಬ್ಬರವಿಳಿತ ವಿಭಾಗವನ್ನು ಕಟ್ಟಿದರು.

ಮುಂಬಯಿಯ ಅಪೋಲೊ ಬಂದರ್, ಕಾರವಾರ, ಮಲಬಾರಿನ ಬೇಪೂರ್ ಮತ್ತು ಪಾಂಬನ್ ಕೇಂದ್ರಗಳು 1878ರಲ್ಲಿ ಆರಂಭವಾದವು. 1879ರಲ್ಲಿ ಏಡನ್ ಮತ್ತು ವಿಶಾಖಪಟ್ಟಣ, 1880ರಲ್ಲಿ ಮದರಾಸು, ರಂಗೂನ್, ಮೌಲ್ಮೇನ್ ಮತ್ತು ಪೋರ್ಟ್ ಬ್ಲೇರ್, 1881ರಲ್ಲಿ ನಾಗಪಟ್ಟಣ, ಒರಿಸ್ಸಾ ತೀರದ ಫಾಲ್ಸ್ ಪಾಯಿಂಟ್ ಹಾಗೂ ಹೂಗ್ಲಿ ನದಿಯ ಕೇಂದ್ರಗಳು ಸೇರಿದವು. ದೊಡ್ಡ ಬಂದರುಗಳಲ್ಲಿ ವೀಕ್ಷಣೆಯು ನಿರಂತರವಾಗಿ ನಡೆಯಿತು. ಚಿಕ್ಕ ಬಂದರುಗಳಲ್ಲಿ ಸುಮಾರು ಐದು ವರ್ಷ ದಾಖಲಿಸಿ, ಯಂತ್ರವನ್ನು ಬೇರೆಡೆಗೆ ಸಾಗಿಸುವುದು ರೂಢಿಯಾಗಿತ್ತು.

ಇಷ್ಟು ವಿಶಾಲವಾದ ಜಾಲವನ್ನು ನಡೆಸಿದ್ದು ಬೆರಳೆಣಿಕೆಯ ಅಧಿಕಾರಿಗಳು ಮತ್ತು ಅವರ ಕೈಕೆಳಗಿನ ಭಾರತೀಯ ಸಿಬ್ಬಂದಿ. ಪ್ರತಿ ಕೇಂದ್ರದಲ್ಲಿ ಗಡಿಯಾರಕ್ಕೆ ಕೀಲಿ ಕೊಟ್ಟು, ಕಾಗದವನ್ನು ಬದಲಿಸಿ, ಯಂತ್ರದ ಓದಿಕೆಯನ್ನು ಅಳತೆಗೋಲಿನೊಂದಿಗೆ ತಾಳೆ ನೋಡುವ ಗುಮಾಸ್ತರು ಮತ್ತು ಪುಣೆಯ ಕಚೇರಿಯಲ್ಲಿ ವಕ್ರರೇಖೆಗಳಿಂದ ಗಂಟೆಗಂಟೆಯ ಮಟ್ಟವನ್ನು ಓದಿ ಕೋಷ್ಟಕಕ್ಕೆ ಇಳಿಸುವ ಗಣಕರು ಈ ಕಾರ್ಯದ ಬೆನ್ನೆಲುಬಾಗಿದ್ದರು. ಒಂದು ಬಂದರಿನ ಒಂದು ವರ್ಷದ ದಾಖಲೆಯೆಂದರೆ 8,760 ಗಂಟೆಗಳ ಓದಿಕೆ. ಅವೆಲ್ಲವನ್ನೂ ಕೈಬರಹದಲ್ಲಿಯೇ ಕೂಡಿ, ಗುಣಿಸಿ, ಭಾಗಿಸಬೇಕಿತ್ತು.

ಕಾರವಾರ ಕೇಂದ್ರ

ಉತ್ತರ ಕನ್ನಡವು 1862ರಲ್ಲಿ ಮದರಾಸು ಪ್ರಾಂತ್ಯದಿಂದ ಮುಂಬಯಿ ಪ್ರಾಂತ್ಯಕ್ಕೆ ಸೇರಿದ ಬಳಿಕ ಧಾರವಾಡ ಸೀಮೆಯ ಹತ್ತಿಯನ್ನು ಹೊರಸಾಗಿಸುವ ಬಂದರಾಗಿ ಕಾರವಾರವು ಬೆಳೆಯಬಹುದೆಂಬ ನಿರೀಕ್ಷೆಯಿತ್ತು. ಕಾಳಿ ನದಿಯು ಸಮುದ್ರವನ್ನು ಸೇರುವ ಅಳಿವೆಯ ದಕ್ಷಿಣಕ್ಕಿರುವ ಈ ಬಂದರಿನಲ್ಲಿ 1878ರಿಂದ 1883ರವರೆಗೆ ಉಬ್ಬರಮಾಪಕವು ಕಾರ್ಯ ನಿರ್ವಹಿಸಿತು. ಇಂದಿನ ಕರ್ನಾಟಕದ ಕರಾವಳಿಯಲ್ಲಿ ಬೇರ್ಡ್ ಅವರ ಜಾಲಕ್ಕೆ ಸೇರಿದ ಕೇಂದ್ರ ಇದಾಗಿತ್ತು.

ಕಾರವಾರದ ದಾಖಲೆಗೆ ಪಶ್ಚಿಮ ಕರಾವಳಿಯ ಚಿತ್ರದಲ್ಲಿ ಮುಖ್ಯ ಸ್ಥಾನವಿದೆ. ಉಬ್ಬರ ಮತ್ತು ಇಳಿತಗಳ ನಡುವಿನ ಅಂತರವು ಖಂಭಾತ್ ಕೊಲ್ಲಿಯ ಭಾವನಗರದಲ್ಲಿ 10 ಮೀಟರಿನ ಸಮೀಪಕ್ಕೆ ಹೋಗುತ್ತದೆ. ಮುಂಬಯಿಯಲ್ಲಿ ಅದು ಅರ್ಧಕ್ಕಿಂತ ಕಡಿಮೆಯಾಗಿ, ಕಾರವಾರದಲ್ಲಿ ಇನ್ನೂ ತಗ್ಗಿ, ಕೊಚ್ಚಿಯ ಹತ್ತಿರ ಸುಮಾರು 1 ಮೀಟರಿಗೆ ಇಳಿಯುತ್ತದೆ. ಉತ್ತರದ ಅಗಲವಾದ, ಆಳವಿಲ್ಲದ ಭೂಖಂಡದಂಚು ಮತ್ತು ಕೊಲ್ಲಿಗಳ ಆಲಿಕೆಯಂತಹ ಆಕಾರ ಇದಕ್ಕೆ ಕಾರಣ. ಕರಾವಳಿಯ ಮೀನುಗಾರರಿಗೂ ಹಾಯಿಹಡಗಿನವರಿಗೂ ಅಮಾವಾಸ್ಯೆ ಹುಣ್ಣಿಮೆಗಳ ದೊಡ್ಡ ಉಬ್ಬರ, ಅಷ್ಟಮಿಯ ಸುತ್ತಿನ ಸಣ್ಣ ಉಬ್ಬರ, ದಿನದ ಎರಡು ಉಬ್ಬರಗಳು ಸಮನಾಗಿಲ್ಲದಿರುವುದು ಇವೆಲ್ಲ ಅನುಭವದಿಂದ ತಿಳಿದಿದ್ದವು. ಬೇರ್ಡ್ ಅವರ ಜಾಲವು ಆ ಅನುಭವಕ್ಕೆ ಅಂಕಿಗಳ ರೂಪವನ್ನು ನೀಡಿತು.

ಅಳಿವೆಗಳ ಅಧ್ಯಯನ

ತೆರೆದ ಸಮುದ್ರದ ಉಬ್ಬರವು ನದೀಮುಖವನ್ನು ಪ್ರವೇಶಿಸಿದಾಗ ಅದರ ರೂಪವೇ ಬದಲಾಗುತ್ತದೆ. ಆಳ ಕಡಿಮೆಯಾದಂತೆ ಉಬ್ಬರದ ಅಲೆಯ ಶಿಖರವು ತಗ್ಗಿಗಿಂತ ವೇಗವಾಗಿ ಸಾಗುತ್ತದೆ. ಇದರಿಂದ ನೀರು ಏರಲು ತೆಗೆದುಕೊಳ್ಳುವ ಸಮಯ ಕಡಿಮೆಯಾಗಿ, ಇಳಿಯಲು ತೆಗೆದುಕೊಳ್ಳುವ ಸಮಯ ಹೆಚ್ಚುತ್ತದೆ. ಮಳೆಗಾಲದಲ್ಲಿ ನದಿಯ ಪ್ರವಾಹವು ಸೇರಿ ಸರಾಸರಿ ಮಟ್ಟವೂ ಮೇಲೇರುತ್ತದೆ.

ಈ ಬದಲಾವಣೆಯನ್ನು ಹಿಡಿಯಲು ಒಂದೇ ನದಿಯ ಮೇಲೆ ಹಲವು ಮಾಪಕಗಳು ಬೇಕಾಗಿದ್ದವು. ಹೂಗ್ಲಿಯಲ್ಲಿ ಸಾಗರ ದ್ವೀಪದ ದುಬ್ಲಾಟ್, ಮೇಲಕ್ಕೆ ಡೈಮಂಡ್ ಹಾರ್ಬರ್, ಇನ್ನೂ ಮೇಲಕ್ಕೆ ಕಲ್ಕತ್ತದ ಕಿದ್ದರ್‌ಪುರ ಎಂಬ ಮೂರು ಕೇಂದ್ರಗಳು 1881ರಿಂದ ಏಕಕಾಲದಲ್ಲಿ ನಡೆದವು. ಬರ್ಮಾದಲ್ಲಿ ರಂಗೂನ್ ನದಿಯ ಬಾಯಿಯ ಎಲಿಫೆಂಟ್ ಪಾಯಿಂಟ್ ಮತ್ತು ಒಳಗಿನ ರಂಗೂನ್, ಹಾಗೆಯೇ ಆಂಹರ್ಸ್ಟ್ ಮತ್ತು ಮೌಲ್ಮೇನ್ ಜೋಡಿ ಕೇಂದ್ರಗಳಾಗಿದ್ದವು. ಹೂಗ್ಲಿಯ ಮರಳ ದಿಬ್ಬಗಳ ಮೇಲೆ ಹಡಗುಗಳು ಸಿಕ್ಕಿಬಿದ್ದು ನಾಶವಾಗುವುದು ಆ ಕಾಲದಲ್ಲಿ ಸಾಮಾನ್ಯವಾಗಿತ್ತು. ದಿಬ್ಬವನ್ನು ದಾಟಲು ಯಾವ ಗಂಟೆಯಲ್ಲಿ ಎಷ್ಟು ನೀರಿರುತ್ತದೆ ಎಂಬ ಅರಿವು ಹಡಗಿನವರ ಪಾಲಿಗೆ ಪ್ರಾಣದ ಪ್ರಶ್ನೆಯಾಗಿತ್ತು.

ವಿಶ್ಲೇಷಣೆ ಮತ್ತು ಮುನ್ಸೂಚನೆ

ಬೇರ್ಡ್ ಅವರು ಅನುಸರಿಸಿದ ಕ್ರಮಕ್ಕೆ ಹಾರ್ಮೋನಿಕ್ ವಿಶ್ಲೇಷಣೆ ಎಂದು ಹೆಸರು. ಯಾವುದೇ ಬಂದರಿನ ಸಂಕೀರ್ಣವಾದ ಉಬ್ಬರವಿಳಿತವನ್ನು ಹಲವು ಸರಳ ಏರಿಳಿತಗಳ ಮೊತ್ತವೆಂದು ಭಾವಿಸುವುದು ಇದರ ಮೂಲ. ಚಂದ್ರನಿಂದ ಉಂಟಾಗುವ ಮುಖ್ಯ ಘಟಕವು ಸುಮಾರು 12 ಗಂಟೆ 25 ನಿಮಿಷಗಳಿಗೊಮ್ಮೆ ಮರುಕಳಿಸುತ್ತದೆ. ಸೂರ್ಯನ ಮುಖ್ಯ ಘಟಕದ ಅವಧಿ 12 ಗಂಟೆ. ಸೂರ್ಯಚಂದ್ರರು ಭೂಮಧ್ಯರೇಖೆಯ ಉತ್ತರಕ್ಕೂ ದಕ್ಷಿಣಕ್ಕೂ ಸರಿಯುವುದರಿಂದ ಹುಟ್ಟುವ ಘಟಕಗಳು ದಿನಕ್ಕೆ ಸುಮಾರು ಒಮ್ಮೆ ಬರುತ್ತವೆ. ಘಟಕಗಳ ಅವಧಿಯನ್ನು ಖಗೋಳಶಾಸ್ತ್ರವು ಮೊದಲೇ ತಿಳಿಸುತ್ತದೆ. ಆದರೆ ಪ್ರತಿ ಘಟಕವು ಒಂದು ನಿರ್ದಿಷ್ಟ ಬಂದರಿನಲ್ಲಿ ಎಷ್ಟು ಎತ್ತರವಾಗಿರುತ್ತದೆ, ಎಷ್ಟು ತಡವಾಗಿ ಬರುತ್ತದೆ ಎಂಬುದನ್ನು ವೀಕ್ಷಣೆಯಿಂದಲೇ ಕಂಡುಕೊಳ್ಳಬೇಕು. ಒಮ್ಮೆ ಇವು ದೊರೆತರೆ ಮುಂದಿನ ಯಾವುದೇ ದಿನದ ಉಬ್ಬರವನ್ನು ಲೆಕ್ಕ ಹಾಕಬಹುದು. ಇಂದಿನ ಸಮುದ್ರ ಮಾದರಿಗಳಿಗೂ ಈ ಘಟಕಗಳೇ ಅಡಿಪಾಯ.

ಜೀವವಿಕಾಸವಾದದ ಪ್ರತಿಪಾದಕ ಚಾರ್ಲ್ಸ್ ಡಾರ್ವಿನ್ ಅವರ ಪುತ್ರ, ಕೇಂಬ್ರಿಡ್ಜಿನ ಗಣಿತಜ್ಞ ಜಾರ್ಜ್ ಹೋವರ್ಡ್ ಡಾರ್ವಿನ್ ಅವರು 1883ರಲ್ಲಿ ಬ್ರಿಟಿಷ್ ಅಸೋಸಿಯೇಶನ್ನಿಗೆ ಸಲ್ಲಿಸಿದ ವರದಿಯಲ್ಲಿ ಈ ವಿಶ್ಲೇಷಣೆಗೆ ವ್ಯವಸ್ಥಿತ ರೂಪವನ್ನು ಕೊಟ್ಟರು. ಬೇರ್ಡ್ ಮತ್ತು ಡಾರ್ವಿನ್ ಅವರು ಜೊತೆಗೂಡಿ ಹಲವು ಬಂದರುಗಳ ವಿಶ್ಲೇಷಣಾ ಫಲಿತಾಂಶಗಳನ್ನು 1885ರಲ್ಲಿ ರಾಯಲ್ ಸೊಸೈಟಿಯ ನಡಾವಳಿಯಲ್ಲಿ ಪ್ರಕಟಿಸಿದರು. ಭಾರತದ ಉಬ್ಬರಗಳನ್ನು ಅಧ್ಯಯನ ಮಾಡುತ್ತಲೇ ಡಾರ್ವಿನ್ ಅವರು ನೌಕಾನಕ್ಷೆಗಳಲ್ಲಿ ಆಳವನ್ನು ಅಳೆಯಲು ಬಳಸುವ ತಗ್ಗಿನ ಮಟ್ಟವೊಂದನ್ನು ಸೂಚಿಸಿದರು. ಅದು ನಾಲ್ಕು ಮುಖ್ಯ ಘಟಕಗಳ ಎತ್ತರವನ್ನು ಸರಾಸರಿ ಸಮುದ್ರ ಮಟ್ಟದಿಂದ ಕಳೆದಾಗ ದೊರೆಯುವ ಮಟ್ಟ. ಇದು ಭಾರತದ ಹೆಸರಿನಿಂದಲೇ ಪ್ರಸಿದ್ಧವಾಯಿತು.

ಮುನ್ಸೂಚನೆಯ ಲೆಕ್ಕಕ್ಕಾಗಿ ಪ್ರತ್ಯೇಕ ಯಂತ್ರವೇ ನಿರ್ಮಾಣವಾಯಿತು. ಥಾಮ್ಸನ್ ಅವರ ಕಲ್ಪನೆಯನ್ನು ಆಧರಿಸಿ ಎಡ್ವರ್ಡ್ ರಾಬರ್ಟ್ಸ್ ಅವರು ವಿನ್ಯಾಸಗೊಳಿಸಿದ ಯಂತ್ರವನ್ನು ಲಂಡನ್ನಿನ ಲೆಜೆ ಸಂಸ್ಥೆಯು 1879ರಲ್ಲಿ ಭಾರತ ಸರಕಾರಕ್ಕಾಗಿ ತಯಾರಿಸಿತು. ಒಂದೊಂದು ಘಟಕಕ್ಕೆ ಒಂದೊಂದು ರಾಟೆ. ಎಲ್ಲ ರಾಟೆಗಳ ಮೇಲೂ ಹಾದುಹೋಗುವ ಒಂದೇ ತಂತಿಯು ಅವುಗಳ ಏರಿಳಿತವನ್ನು ಕೂಡಿಸಿ ಕಾಗದದ ಮೇಲೆ ಭವಿಷ್ಯದ ಉಬ್ಬರವನ್ನು ಬರೆಯುತ್ತಿತ್ತು. ಆರಂಭದಲ್ಲಿ 20 ಘಟಕಗಳಿದ್ದ ಈ ಯಂತ್ರವನ್ನು ಮುಂದೆ 24 ಘಟಕಗಳಿಗೆ ವಿಸ್ತರಿಸಲಾಯಿತು. ಗಣಕರಿಗೆ ತಿಂಗಳುಗಟ್ಟಲೆ ಹಿಡಿಯಬಹುದಾಗಿದ್ದ ಒಂದು ಬಂದರಿನ ವರ್ಷದ ಲೆಕ್ಕವನ್ನು ಅದು ಕೆಲವೇ ಗಂಟೆಗಳಲ್ಲಿ ಮುಗಿಸುತ್ತಿತ್ತು. ಬೇರ್ಡ್ ಮತ್ತು ರಾಬರ್ಟ್ಸ್ ಅವರ ಹೆಸರಿನಲ್ಲಿ ಭಾರತೀಯ ಬಂದರುಗಳ ಉಬ್ಬರವಿಳಿತ ಕೋಷ್ಟಕಗಳು ವರ್ಷವರ್ಷವೂ ಅಚ್ಚಾಗತೊಡಗಿದವು. ಈ ಯಂತ್ರವು 1921ರಲ್ಲಿ ದೆಹರಾದೂನಿಗೆ ಬಂದಿತು.

1881 ಮತ್ತು 1883ರ ಸುನಾಮಿಗಳು

ಉಬ್ಬರಕ್ಕೆಂದು ನಿಲ್ಲಿಸಿದ್ದ ಯಂತ್ರಗಳು ಅನಿರೀಕ್ಷಿತವಾದ ಘಟನೆಗಳನ್ನೂ ದಾಖಲಿಸಿದವು. 1881ರ ಡಿಸೆಂಬರ್ 31ರಂದು ಕಾರ್ ನಿಕೋಬಾರ್ ಬಳಿ ಸಂಭವಿಸಿದ ಭೂಕಂಪದಿಂದ ಎದ್ದ ಅಲೆಗಳು ಬಂಗಾಳ ಕೊಲ್ಲಿಯ ಸುತ್ತಲಿನ ಎಂಟು ಮಾಪಕಗಳಲ್ಲಿ ಮೂಡಿದವು. 2003ರಲ್ಲಿ ಸಂಶೋಧಕರಾದ ಒರ್ಟಿಜ್ ಮತ್ತು ಬಿಲ್ಹಾಮ್ ಅವರು ಆ ಹಳೆಯ ವಕ್ರರೇಖೆಗಳನ್ನು ಗಣಕಯಂತ್ರದ ಮಾದರಿಗೆ ಹೋಲಿಸಿ, ಭೂಕಂಪದ ಪ್ರಮಾಣವು 7.9ರಷ್ಟಿತ್ತೆಂದು ಅಂದಾಜಿಸಿದರು. ಮರುವರ್ಷ, 2004ರ ಡಿಸೆಂಬರ್ 26ರಂದು, ಅದೇ ಫಲಕದಂಚಿನಲ್ಲಿ ಮಹಾ ಭೂಕಂಪವು ಸಂಭವಿಸಿ ಎದ್ದ ಸುನಾಮಿಯು ಹಿಂದೂ ಮಹಾಸಾಗರದ ದೇಶಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು.

1883ರ ಆಗಸ್ಟ್ 27ರಂದು ಜಾವಾ ಮತ್ತು ಸುಮಾತ್ರಾ ನಡುವಿನ ಕ್ರಕಟೋವಾ ಜ್ವಾಲಾಮುಖಿಯು ಸ್ಫೋಟಿಸಿದಾಗ ಸಮೀಪದ ತೀರಗಳಲ್ಲಿ 36,000ಕ್ಕೂ ಹೆಚ್ಚು ಜನರು ಮಡಿದರು. ಸ್ಫೋಟದಿಂದ ಎದ್ದ ಅಲೆಗಳು ಬಹಳ ತಗ್ಗಿದ ರೂಪದಲ್ಲಿ ಪೋರ್ಟ್ ಬ್ಲೇರ್, ಮದರಾಸು, ನಾಗಪಟ್ಟಣಗಳನ್ನು ಮುಟ್ಟಿ, ಭಾರತದ ತುದಿಯನ್ನು ಬಳಸಿ ಪಶ್ಚಿಮ ಕರಾವಳಿಯನ್ನೂ ದೂರದ ಏಡನ್ನನ್ನೂ ತಲುಪಿದವು. ಬೇರ್ಡ್ ಅವರು ಎಲ್ಲ ಕೇಂದ್ರಗಳ ಕಾಗದಗಳನ್ನು ತರಿಸಿ, ಅಲೆಯು ಪ್ರತಿ ಬಂದರನ್ನು ತಲುಪಿದ ಸಮಯ, ಅದರ ಎತ್ತರ ಮತ್ತು ಸಾಗಿದ ವೇಗವನ್ನು ನಿರೂಪಿಸುವ ವರದಿಯನ್ನು ರಾಯಲ್ ಸೊಸೈಟಿಗೆ ಸಲ್ಲಿಸಿದರು. ಇಡೀ ಸಾಗರವನ್ನು ದಾಟಿದ ಅಲೆಯೊಂದನ್ನು ಯಂತ್ರಗಳ ಜಾಲದ ಮೂಲಕ ಹಿಂಬಾಲಿಸಿದ ಆರಂಭಿಕ ಅಧ್ಯಯನಗಳಲ್ಲಿ ಇದು ಒಂದು. 1888ರಲ್ಲಿ ಪ್ರಕಟವಾದ ರಾಯಲ್ ಸೊಸೈಟಿಯ ಕ್ರಕಟೋವಾ ಸಮಿತಿಯ ವರದಿಯಲ್ಲಿ ಸಮುದ್ರದ ಅಲೆಗಳ ಭಾಗವನ್ನು ಬರೆದ ವಾರ್ಟನ್ ಅವರಿಗೂ ಈ ದಾಖಲೆಗಳು ನೆರವಾದವು.

ಸರಾಸರಿ ಸಮುದ್ರ ಮಟ್ಟ ಮತ್ತು ಒಳನಾಡಿನ ಎತ್ತರಗಳು

ಬೇರ್ಡ್ ಅವರ ವಿಭಾಗವು ಉಬ್ಬರದ ಅಳತೆಯ ಜೊತೆಗೆ ಒಳನಾಡಿನ ಮಟ್ಟ ಅಳತೆಯ ಹೊಣೆಯನ್ನೂ ಹೊತ್ತಿತ್ತು. ಒಂದು ಬಂದರಿನ ಮಾಪಕದಿಂದ ಹೊರಟು, ಹೆಜ್ಜೆಹೆಜ್ಜೆಗೂ ಅಳತೆಗೋಲುಗಳನ್ನು ನಿಲ್ಲಿಸಿ, ದುರ್ಬೀನಿನ ಮಟ್ಟಮಾಪಕದಿಂದ ಎತ್ತರದ ವ್ಯತ್ಯಾಸವನ್ನು ಓದುತ್ತ, ನೂರಾರು ಮೈಲಿ ನಡೆದು ಮತ್ತೊಂದು ಬಂದರಿನ ಮಾಪಕವನ್ನು ಮುಟ್ಟುವುದು ಈ ಕೆಲಸದ ಕ್ರಮ. ದಾರಿಯುದ್ದಕ್ಕೂ ಕಲ್ಲುಗಳ ಮೇಲೆ ಸ್ಥಿರ ಗುರುತುಗಳನ್ನು ಕೊರೆಯಲಾಗುತ್ತಿತ್ತು.

1909ರಲ್ಲಿ ಭಾರತದ ಮಟ್ಟ ಅಳತೆಯ ಮೊದಲ ಜಾಲವನ್ನು ಒಟ್ಟಾಗಿ ಹೊಂದಿಸಿದಾಗ ಒಂಬತ್ತು ಬಂದರುಗಳ ಸರಾಸರಿ ಸಮುದ್ರ ಮಟ್ಟವನ್ನು ಶೂನ್ಯವೆಂದು ಇಟ್ಟುಕೊಳ್ಳಲಾಯಿತು. ಕರಾಚಿ, ಮುಂಬಯಿ, ಕಾರವಾರ, ಬೇಪೂರ್, ಕೊಚ್ಚಿ, ನಾಗಪಟ್ಟಣ, ಮದರಾಸು, ವಿಶಾಖಪಟ್ಟಣ ಮತ್ತು ಫಾಲ್ಸ್ ಪಾಯಿಂಟ್ ಇವೇ ಆ ಒಂಬತ್ತು. ಹೀಗೆ ಕಾರವಾರದಲ್ಲಿ ಐದು ವರ್ಷ ನಡೆದ ವೀಕ್ಷಣೆಯು ದೇಶದ ಎತ್ತರಗಳ ಆಧಾರದಲ್ಲಿ ಶಾಶ್ವತವಾದ ಪಾಲನ್ನು ಪಡೆಯಿತು. ರೈಲು ನಿಲ್ದಾಣಗಳ ಫಲಕಗಳ ಮೇಲೆ ಊರಿನ ಹೆಸರಿನ ಕೆಳಗೆ ಬರೆದಿರುವ ಸಮುದ್ರ ಮಟ್ಟದಿಂದ ಎತ್ತರವೆಂಬ ಅಂಕಿಯ ಹಿಂದೆ ಇಂತಹ ಬಂದರುಗಳ ಅಳತೆಯಿದೆ. ಸಮುದ್ರದಿಂದ ದೂರದಲ್ಲಿರುವ ದಾವಣಗೆರೆಯು ಸುಮಾರು 600 ಮೀಟರ್ ಎತ್ತರದಲ್ಲಿದೆ ಎನ್ನುವಾಗಲೂ, ತುಂಗಭದ್ರೆಯ ದಡದ ಹರಿಹರ ಮತ್ತು ಅದರ ಸುತ್ತಲಿನ ಭಾನುವಳ್ಳಿಯಂತಹ ಗ್ರಾಮಗಳ ಕಾಲುವೆಗಳಿಗೆ ಮಟ್ಟ ಹಿಡಿಯುವಾಗಲೂ, ಅಳತೆಯ ಮೊದಲ ಮೆಟ್ಟಿಲು ಕಡಲತೀರದಲ್ಲಿಯೇ ಇರುತ್ತದೆ.

ಒಂಬತ್ತೂ ಬಂದರುಗಳಲ್ಲಿ ಸಮುದ್ರವು ಒಂದೇ ಮಟ್ಟದಲ್ಲಿದೆ ಎಂಬ ಊಹೆಯು ಪೂರ್ತಿ ಸರಿಯಾಗಿರಲಿಲ್ಲ. ಭೂಮಾರ್ಗವಾಗಿ ಮಟ್ಟ ಅಳೆದಾಗ ಬಂಗಾಳ ಕೊಲ್ಲಿಯ ತೀರದ ಸರಾಸರಿ ಮಟ್ಟವು ಅರಬ್ಬಿ ಸಮುದ್ರದ ತೀರಕ್ಕಿಂತ ಎತ್ತರವಾಗಿ ಕಂಡುಬಂದಿತು. ವಿಶಾಖಪಟ್ಟಣ ಮತ್ತು ಮುಂಬಯಿಗಳ ನಡುವಿನ ವ್ಯತ್ಯಾಸವು ಸುಮಾರು 30 ಸೆಂಟಿಮೀಟರ್. ಗೋವೆಯ ರಾಷ್ಟ್ರೀಯ ಸಾಗರ ವಿಜ್ಞಾನ ಸಂಸ್ಥೆಯ ಶಂಕರ್ ಮತ್ತು ಶೇಟ್ಯೆ ಅವರು 2001ರಲ್ಲಿ ಇದಕ್ಕೆ ಲವಣಾಂಶದ ವ್ಯತ್ಯಾಸವೇ ಕಾರಣವೆಂದು ವಿವರಿಸಿದರು. ಗಂಗೆ, ಬ್ರಹ್ಮಪುತ್ರೆ ಮೊದಲಾದ ನದಿಗಳ ಸಿಹಿನೀರು ಮತ್ತು ಹೆಚ್ಚಿನ ಮಳೆಯಿಂದ ಬಂಗಾಳ ಕೊಲ್ಲಿಯ ನೀರು ಹಗುರವಾಗಿದೆ. ಹಗುರವಾದ ನೀರು ಅದೇ ತೂಕಕ್ಕೆ ಹೆಚ್ಚು ಎತ್ತರವಾಗಿ ನಿಲ್ಲುತ್ತದೆ.

ಟಂಕಸಾಲೆಯಲ್ಲಿ ಸೇವೆ

1885ರ ನಂತರ ಬೇರ್ಡ್ ಅವರ ವೃತ್ತಿಯು ಬೇರೊಂದು ದಾರಿಯನ್ನು ಹಿಡಿಯಿತು. ಕಲ್ಕತ್ತ ಮತ್ತು ಮುಂಬಯಿಯ ಟಂಕಸಾಲೆಗಳಲ್ಲಿ ತಾತ್ಕಾಲಿಕವಾಗಿ ಸೇವೆ ಸಲ್ಲಿಸಿದ ಇವರು 1889ರಲ್ಲಿ ಕಲ್ಕತ್ತ ಟಂಕಸಾಲೆಯ ಮುಖ್ಯಾಧಿಕಾರಿಯಾಗಿ ಕಾಯಂ ಆದರು. ಬೆಳ್ಳಿಯ ಬೆಲೆಯು ಕುಸಿಯುತ್ತಿದ್ದ ಆ ವರ್ಷಗಳಲ್ಲಿ ರೂಪಾಯಿಯ ಮೌಲ್ಯವು ದೊಡ್ಡ ಸಮಸ್ಯೆಯಾಗಿತ್ತು. ಸಾರ್ವಜನಿಕರು ಬೆಳ್ಳಿಯನ್ನು ತಂದುಕೊಟ್ಟು ನಾಣ್ಯ ಮಾಡಿಸಿಕೊಳ್ಳುವ ಅವಕಾಶವನ್ನು ಸರಕಾರವು 1893ರಲ್ಲಿ ರದ್ದುಗೊಳಿಸಿದ್ದು ಇವರ ಅಧಿಕಾರಾವಧಿಯಲ್ಲಿಯೇ. ಕರ್ನಲ್ ಪದವಿಗೇರಿದ್ದ ಬೇರ್ಡ್ ಅವರು 1897ರಲ್ಲಿ ಸೇವೆಯಿಂದ ನಿವೃತ್ತರಾಗಿ ಸ್ವದೇಶಕ್ಕೆ ಮರಳಿದರು. 1908ರ ಏಪ್ರಿಲ್ 2ರಂದು, ತಮ್ಮ 66ನೆಯ ಹುಟ್ಟುಹಬ್ಬಕ್ಕೆ ಕೆಲವೇ ವಾರಗಳಿರುವಾಗ, ನಿಧನರಾದರು.

ಗೌರವಗಳು ಮತ್ತು ಕೃತಿಗಳು

1881ರಲ್ಲಿ ವೆನಿಸ್ ನಗರದಲ್ಲಿ ನಡೆದ ಅಂತರರಾಷ್ಟ್ರೀಯ ಭೂಗೋಳ ಸಮ್ಮೇಳನಕ್ಕೆ ಬೇರ್ಡ್ ಅವರು ಭಾರತದ ಪ್ರತಿನಿಧಿಯಾಗಿ ತೆರಳಿದರು. ಉಬ್ಬರವಿಳಿತ ಕಾರ್ಯಕ್ಕಾಗಿ ಇವರಿಗೆ ಅಲ್ಲಿ ಚಿನ್ನದ ಪದಕವು ದೊರೆಯಿತು. 1885ರಲ್ಲಿ ರಾಯಲ್ ಸೊಸೈಟಿಯ ಸದಸ್ಯತ್ವವೂ 1897ರಲ್ಲಿ ಸಿ.ಎಸ್.ಐ. ಬಿರುದೂ ಸಂದವು. ಉಬ್ಬರವಿಳಿತ ವೀಕ್ಷಣೆ ಮತ್ತು ಹಾರ್ಮೋನಿಕ್ ವಿಶ್ಲೇಷಣೆಯ ಕುರಿತು 1886ರಲ್ಲಿ ಲಂಡನ್ನಿನಲ್ಲಿ ಪ್ರಕಟವಾದ ಕೈಪಿಡಿಯು ಇವರ ಮುಖ್ಯ ಗ್ರಂಥ. ಸ್ಥಳದ ಆಯ್ಕೆ, ಬಾವಿ ಮತ್ತು ಕೊಳವೆಯ ಜೋಡಣೆ, ಯಂತ್ರದ ನಿರ್ವಹಣೆ, ಓದಿಕೆಗಳ ಲೆಕ್ಕ ಇವೆಲ್ಲವನ್ನೂ ಅದು ಹಂತಹಂತವಾಗಿ ವಿವರಿಸುತ್ತದೆ.

ಪ್ರಭಾವ

ಬೇರ್ಡ್ ಅವರು ನಿಲ್ಲಿಸಿದ ಮಾಪಕಗಳು ಬಂದರುಗಳ ಮತ್ತು ಸಾಮ್ರಾಜ್ಯದ ವಾಣಿಜ್ಯದ ಅಗತ್ಯಕ್ಕಾಗಿ ಸ್ಥಾಪನೆಯಾದವು. ಮುಂದಿನ ಕಾಲವು ಅವುಗಳಿಂದ ಬೇರೆಯದೇ ಪ್ರಯೋಜನವನ್ನು ಪಡೆಯಿತು. ಮುಂಬಯಿಯಲ್ಲಿ 1878ರಿಂದ ಆರಂಭವಾದ ದಾಖಲೆಯು ಹಿಂದೂ ಮಹಾಸಾಗರದ ಅತಿ ದೀರ್ಘ ಸಮುದ್ರ ಮಟ್ಟದ ದಾಖಲೆಗಳಲ್ಲಿ ಒಂದು. ಸಮುದ್ರವು ವರ್ಷಕ್ಕೆ ಒಂದೆರಡು ಮಿಲಿಮೀಟರಿನಷ್ಟು ಏರುತ್ತಿರುವುದನ್ನು ಕಾಣಬೇಕಾದರೆ ಹಲವು ದಶಕಗಳ ಎಡೆಬಿಡದ ಅಳತೆ ಬೇಕು. ಗೋವೆಯ ಸಾಗರ ವಿಜ್ಞಾನಿಗಳಾದ ಉನ್ನಿಕೃಷ್ಣನ್ ಮತ್ತು ಶಂಕರ್ ಅವರು 2007ರಲ್ಲಿ ಪ್ರಕಟಿಸಿದ ಅಧ್ಯಯನವು ಇಂತಹ ದೀರ್ಘ ದಾಖಲೆಗಳನ್ನು ಆಧರಿಸಿ ಉತ್ತರ ಹಿಂದೂ ಮಹಾಸಾಗರದ ತೀರಗಳಲ್ಲಿ ಸಮುದ್ರ ಮಟ್ಟದ ಏರಿಕೆಯು ವರ್ಷಕ್ಕೆ ಸರಾಸರಿ 1.29 ಮಿಲಿಮೀಟರ್ ಎಂದು ಅಂದಾಜಿಸಿತು. ಕಾರವಾರದಂತಹ ಬಂದರುಗಳಲ್ಲಿ ಯಂತ್ರವನ್ನು ಐದೇ ವರ್ಷಕ್ಕೆ ತೆಗೆದುದರಿಂದ ಆ ಕಾಲದಿಂದ ಇಂದಿನವರೆಗಿನ ನಿರಂತರವಾದ ದಾಖಲೆಯು ಅಲ್ಲಿಗೆ ಇಲ್ಲ. ಕರಾವಳಿಯ ಒಂದೊಂದು ಅಳಿವೆಯಲ್ಲಿಯೂ ಸಮುದ್ರವು ಹೇಗೆ ಬದಲಾಗಿದೆ ಎಂಬುದನ್ನು ಅರಿಯಬಯಸುವವರು ಇಂದು ಮುಂಬಯಿಯಂತಹ ಕೆಲವೇ ದಾಖಲೆಗಳನ್ನೂ ಗಣಿತದ ಮಾದರಿಗಳನ್ನೂ ನೆಚ್ಚಬೇಕಾಗಿದೆ.

ಭಾರತೀಯ ಸರ್ವೇಕ್ಷಣಾ ಇಲಾಖೆಯು ಬಂದರುಗಳ ಉಬ್ಬರವಿಳಿತ ಕೋಷ್ಟಕಗಳನ್ನು ಇಂದಿಗೂ ಪ್ರಕಟಿಸುತ್ತಿದೆ. ತೇಲುಗ ಮತ್ತು ಪೆನ್ಸಿಲಿನ ಸ್ಥಾನದಲ್ಲಿ ವಿದ್ಯುನ್ಮಾನ ಮಾಪಕಗಳೂ ಉಪಗ್ರಹ ಸಂಪರ್ಕವೂ ಬಂದಿವೆ. 2007ರಿಂದ ಹೈದರಾಬಾದಿನಲ್ಲಿ ಕಾರ್ಯ ನಿರ್ವಹಿಸುತ್ತಿರುವ ಸುನಾಮಿ ಮುನ್ನೆಚ್ಚರಿಕೆ ಕೇಂದ್ರವು ಇಂತಹ ಮಾಪಕಗಳ ಓದಿಕೆಯನ್ನು ಕ್ಷಣಕ್ಷಣಕ್ಕೂ ಪಡೆಯುತ್ತದೆ. ಕ್ರಕಟೋವಾದ ಅಲೆಯ ಹಾದಿಯನ್ನು ಬೇರ್ಡ್ ಅವರು ಕಾಗದಗಳನ್ನು ತರಿಸಿಕೊಂಡ ಬಳಿಕವೇ ತಿಳಿಯಲು ಸಾಧ್ಯವಾಗಿತ್ತು. ಈಗ ಅದೇ ಬಗೆಯ ಅಳತೆಯಿಂದ ಅಲೆಯು ದಡವನ್ನು ಮುಟ್ಟುವ ಮೊದಲೇ ತೀರದ ಜನರಿಗೆ ಎಚ್ಚರಿಕೆ ನೀಡುವ ವ್ಯವಸ್ಥೆಯು ರೂಪುಗೊಂಡಿದೆ.